ಡಿ ಡ್ರೈವ್‌ನಲ್ಲಿದ್ದರೆ ಸೇಫ್ ಅಂದವರಾರು?

ಊರಲ್ಲೊಬ್ಬ ಹುಡುಗ ಬಿಇ ಸೇರಿದ ಅಂದರೆ ಸಾಕು, ಅವನು ಸಿವಿಲ್ ಓದಲಿ, ಮೆಕ್ಯಾನಿಕಲ್ ಓದಲಿ, ಬೀದಿಯ ಕಂಪ್ಯೂಟರುಗಳೆಲ್ಲ ಅವನ ಪಾಲಿಗೇ ಬರುತ್ತವೆ. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ನನಗೂ ಎರಡು ಮೂರು ಫೋನ್ ಬಂದಿರುತ್ತವೆ. ಹನೂರಿನ ಕಡೆಯಿಂದ ಒಂದು, ಯಳಂದೂರಿನಿಂದ ಇನ್ನೊಂದು. ದೂರು ಮಾತ್ರ ಎಲ್ಲರದೂ ಒಂದೇ. "ಸಿ ಡ್ರೈವು ಕೆಂಪಾಗದೆ ಕನಪ್ಪ, ವಸಿ ಬಂದು ನೋಡ್ಕೊಡು."

ಹೋಗಿ ನೋಡಿದರೆ ಸಿ ಡ್ರೈವ್ 60 ಜಿಬಿ, ತುಂಬಿ ತುಳುಕುತ್ತಿರುತ್ತದೆ. ಪಕ್ಕದಲ್ಲಿ ಡಿ ಡ್ರೈವ್ 400 ಜಿಬಿ, ಅದರೊಳಗೆ ನಾಲ್ಕು ಹಳೆಯ ಸಿನಿಮಾ ಮತ್ತು ಯಾರದೋ ನಾಮಕರಣದ ಫೋಟೋಗಳು. ಅರ್ಜಿ ಹಾಕುವ ಕೊನೆಯ ದಿನ ಅಂಕಪಟ್ಟಿ ಸ್ಕ್ಯಾನ್ ಮಾಡಲು ಕೂತರೆ ಜಾಗವಿಲ್ಲ ಎಂಬ ಸಂದೇಶ. ಆಗ ಮನೆಗೆ ಬಂದವರೆಲ್ಲ ಕೊಡುವ ಸಲಹೆ "ಫಾರ್ಮ್ಯಾಟ್ ಹೊಡೆಸಿಬಿಡು". ಫೈಲುಗಳ ಗತಿ ಏನು ಎಂದು ಕೇಳಿದರೆ "ಡಿನಲ್ಲಿ ಹಾಕಿಡು, ಅದಕ್ಕೇನೂ ಆಗಲ್ಲ". ಈ ಕೊನೆಯ ಮಾತಿನ ಮೇಲೆಯೇ ನನ್ನ ತಕರಾರು.

ಡಿ ಎಂಬುದು ಸಾಮಾನ್ಯವಾಗಿ ಬೇರೆ ಹಾರ್ಡ್‌ಡಿಸ್ಕ್ ಅಲ್ಲ. ಇರುವುದು ಒಂದೇ ಡಿಸ್ಕ್, ಅದನ್ನು ಪಾಲು ಮಾಡಲಾಗಿದೆ. ಆ ಪಾಲಿಗೆ ಪಾರ್ಟಿಷನ್ ಎನ್ನುತ್ತಾರೆ. ಒಳಗೆ ಗೋಡೆ ಗೀಡೆ ಏನೂ ಇಲ್ಲ, ದಾಖಲೆಯಲ್ಲಿ ಎಳೆದ ಗೆರೆ ಅಷ್ಟೆ. ನಮ್ಮ ಸೀಮೆಯವರಿಗೆ ಇದು ಬೇಗ ಅರ್ಥವಾಗಬೇಕು. 1956ರ ತನಕ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಚೆಗೆ ಹನೂರು ಬೇರೆ ತಾಲ್ಲೂಕಾಗಿ, ಮಲೆ ಮಹದೇಶ್ವರ ಬೆಟ್ಟ ಕೊಳ್ಳೇಗಾಲ ತಾಲ್ಲೂಕಿನಿಂದ ಹನೂರು ತಾಲ್ಲೂಕಿಗೆ ಹೋಯಿತು. ಬೆಟ್ಟ ಒಂದು ಅಂಗುಲವೂ ಸರಿಯಲಿಲ್ಲ. ಕಚೇರಿಯ ಕಡತದಲ್ಲಿ ಗೆರೆ ಬದಲಾಯಿತು.

ಹಾರ್ಡ್‌ಡಿಸ್ಕಿನ ಆರಂಭದಲ್ಲಿ ಇಂಥದ್ದೇ ಒಂದು ಪಹಣಿ ಇರುತ್ತದೆ. ಯಾವ ಪಾಲು ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆ ಎಂಬ ವಿವರವಷ್ಟೇ ಅದರಲ್ಲಿ. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ಈ ಪಟ್ಟಿಗೆ ಮೀಸಲಾದ ಜಾಗ ಬರೀ 64 ಬೈಟ್. ಒಂದು ಪಾಲಿಗೆ 16 ಬೈಟಿನಂತೆ ನಾಲ್ಕೇ ಪಾಲು. ಮನೆಯ ಅಷ್ಟೂ ಫೋಟೋ, ನೋಟ್ಸು, ಪ್ರಾಜೆಕ್ಟ್ ರಿಪೋರ್ಟುಗಳ ಆಸ್ತಿಪತ್ರ ಒಂದು ಎಸ್ಸೆಮ್ಮೆಸ್ಸಿಗಿಂತ ಚಿಕ್ಕದು! ಹೊಸ ಪದ್ಧತಿ ಜಿಪಿಟಿ ಇನ್ನಷ್ಟು ಜಾಣ. ವಿಂಡೋಸ್‌ನಲ್ಲಿ 128 ಪಾಲುಗಳವರೆಗೆ ಅವಕಾಶವಿದೆ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಅಂದಹಾಗೆ ಎಣಿಕೆ ಸಿ ಇಂದ ಏಕೆ ಶುರುವಾಗುತ್ತದೆ ಎಂದು ನನ್ನ ತಮ್ಮ ಕೇಳಿದ್ದ. ಎ ಮತ್ತು ಬಿ ಅಕ್ಷರಗಳು ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿಯನ್ನು ನಮ್ಮ ವಯಸ್ಸಿನವರು ನೋಡಿರುವುದು ಸೇವ್ ಬಟನ್ನಿನ ಚಿತ್ರದಲ್ಲಿ ಮಾತ್ರ.

ನಿಮ್ಮ ಕಂಪ್ಯೂಟರಿನ ಪಹಣಿ ನೋಡಬೇಕೆಂದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ಒತ್ತಿ. ನೋಡುವುದರಿಂದ ಏನೂ ಹಾಳಾಗುವುದಿಲ್ಲ, ಹೆದರಬೇಡಿ. 1 ಟಿಬಿ ಎಂದು ದುಡ್ಡು ಕೊಟ್ಟ ಡಿಸ್ಕ್ ಅಲ್ಲಿ 931 ಜಿಬಿ ಎಂದು ಕಾಣುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು 1 ಟಿಬಿಗೆ ಒಂದು ಲಕ್ಷ ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ಸಿ, ಡಿ ಅಲ್ಲದೆ ಅಕ್ಷರವಿಲ್ಲದ ಒಂದೆರಡು ಚಿಕ್ಕ ಪಾಲುಗಳೂ ಕಾಣುತ್ತವೆ. ಒಂದು ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್, ಕಂಪ್ಯೂಟರ್ ಬೂಟ್ ಆಗುವುದೇ ಅದರಿಂದ. ಇನ್ನೊಂದು ರಿಕವರಿ, ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾದ್ದು. ಜಾಗ ದಂಡವಾಗುತ್ತಿದೆ ಎಂದು ಇವನ್ನು ಅಳಿಸಲು ಹೊರಡುವವರನ್ನು ಕಂಡಿದ್ದೇನೆ. ನೂರು ಎಂಬಿ ಉಳಿಸಲು ಹೋಗಿ ಮರುದಿನ ಕಪ್ಪು ಪರದೆ ನೋಡುತ್ತ ಕೂರಬೇಕಾಗುತ್ತದೆ.

ಈಗ ಸೇಫ್ ವಿಚಾರಕ್ಕೆ ಬರೋಣ. ಯಳಂದೂರು ಕಡೆಯ ನನ್ನ ಪರಿಚಯದ ಅಣ್ಣ ಒಬ್ಬರು ಡಿಗ್ರಿ ಮುಗಿಸಿ ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಿದ್ದರು. ಎರಡು ವರ್ಷ ಕೂತು ಟೈಪ್ ಮಾಡಿದ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲವೂ ಡಿ ಡ್ರೈವ್‌ನಲ್ಲಿದ್ದವು. ವಿಂಡೋಸ್ ಕೆಟ್ಟಿತೆಂದು ಅಂಗಡಿಗೆ ಕೊಟ್ಟಾಗ "ಡಿ ಮುಟ್ಟಬೇಡಿ" ಎಂದು ಎರಡು ಸಲ ಹೇಳಿದ್ದರಂತೆ. ವಾಪಸ್ ಬಂದ ಕಂಪ್ಯೂಟರಿನಲ್ಲಿ ಹೊಸ ಸಿ, ಹೊಸ ಡಿ. ಡಿಯಲ್ಲಿ ಅಂಗಡಿಯವರೇ ಹಾಕಿಕೊಟ್ಟ ಸಾಫ್ಟ್‌ವೇರುಗಳ ಒಂದು ಫೋಲ್ಡರ್, ಅಷ್ಟೇ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಯಿದೆ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಬರುವ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳೇ ಇರುವುದಿಲ್ಲ. ಡ್ರೈವ್ 0 ಪಾರ್ಟಿಷನ್ 1, ಪಾರ್ಟಿಷನ್ 2, ಪಾರ್ಟಿಷನ್ 3 ಎಂದು ಸಾಲಾಗಿ ಕಾಣುತ್ತವೆ, ಪಕ್ಕದಲ್ಲಿ ಎಷ್ಟು ಜಿಬಿ ಎಂಬ ಅಂಕಿ. ಕೆಲಸ ಮಾಡುವ ಹುಡುಗನ ಮುಂದೆ ಹತ್ತು ಕಂಪ್ಯೂಟರ್ ಸಾಲಾಗಿ ಇರುತ್ತವೆ. ಯಾವುದು ನಿಮ್ಮ ಡಿ ಎಂದು ಅವನು ಅಳತೆ ನೋಡಿ ಊಹಿಸಬೇಕು. ಎಲ್ಲವನ್ನೂ ಅಳಿಸಿ ಹೊಸದಾಗಿ ಪಾಲು ಮಾಡುವುದು ಅವನಿಗೆ ಸುಲಭದ ದಾರಿ. ಹಾಗಾಗಿ ಡಿ ಮುಟ್ಟಬೇಡಿ ಎಂಬ ಮಾತಿಗೆ ಆ ಪರದೆಯಲ್ಲಿ ಅರ್ಥವೇ ಇಲ್ಲ. ಅದರ ಬದಲು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ರಿನೇಮ್ ಒತ್ತಿ, 'ನೋಟ್ಸ್' ಎಂದೋ 'ಮುಟ್ಟಬೇಡಿ' ಎಂದೋ ಹೆಸರು ಕೊಡಿ. ಆ ಹೆಸರು ಇನ್‌ಸ್ಟಾಲ್ ಪರದೆಯಲ್ಲಿ ಕಾಣುತ್ತದೆ. ಜೊತೆಗೆ ಯಾವ ಪಾಲು ಎಷ್ಟು ಜಿಬಿ ಎಂದು ಚೀಟಿ ಬರೆದು ಕಂಪ್ಯೂಟರಿಗೇ ಅಂಟಿಸಿ ಕೊಡಿ. ಅಂಗಡಿಯವನಿಗೆ ನಗು ಬಂದರೂ ಬರಲಿ.

ಅಣ್ಣನ ನೋಟ್ಸ್ ಏನಾಯಿತು? ಗೆರೆ ಅಳಿಸಿದರೆ ಮಣ್ಣು ಮಾಯವಾಗುವುದಿಲ್ಲ ಅಂದೆನಲ್ಲ, ಆ ಕಾರಣಕ್ಕೇ ಒಂದಿಷ್ಟು ಉಳಿಯಿತು. ಅವರ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆವು. ಅಳಿಸಿಹೋದ ಪಾರ್ಟಿಷನ್ನುಗಳ ಗಡಿಯನ್ನು ಅದು ಹುಡುಕಿಕೊಡುತ್ತದೆ. ಹಳೆಯ ಡಿಯ ಗಡಿ ಸಿಕ್ಕಿತು. ಆದರೆ ಅದರೊಳಗಿನ ಫೈಲುಗಳ ಪಟ್ಟಿಯ ಮೇಲೆ ಹೊಸದು ಬರೆದಾಗಿತ್ತು. ಅದರ ಜೊತೆಗೇ ಬರುವ ಫೋಟೋರೆಕ್ ಎಂಬ ಇನ್ನೊಂದು ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದ ಮೇಲೆ ನೂರಾರು ಫೈಲ್ ಸಿಕ್ಕವು, ಒಂದಕ್ಕೂ ಹೆಸರಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಸಂಖ್ಯೆ, ಅಷ್ಟೇ. ಒಂದೊಂದನ್ನೇ ತೆರೆದು ಇದು ಇತಿಹಾಸ, ಇದು ಸಂವಿಧಾನ ಎಂದು ಮತ್ತೆ ಹೆಸರಿಡಬೇಕಾಯಿತು. ಅರ್ಧಕ್ಕರ್ಧ ಸಿಗಲೇ ಇಲ್ಲ. ಸಿಕ್ಕ ಕೆಲವು ವರ್ಡ್ ಫೈಲುಗಳಲ್ಲಿ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವರ ಮುಖ ಬಾಡಿತು. ಅದಕ್ಕೆ ಮಾತ್ರ ಮದ್ದು ಸುಲಭವಿತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಅದು. ಫಾಂಟುಗಳು ಇರುವುದು ಸಿ ಡ್ರೈವ್‌ನ ವಿಂಡೋಸ್ ಒಳಗೆ, ಅಲ್ಲಿ ಫಾರ್ಮ್ಯಾಟ್ ಆದರೆ ಅವೂ ಹೋಗುತ್ತವೆ. ನುಡಿಯನ್ನು ಮತ್ತೆ ಹಾಕಿದೊಡನೆ ಅಕ್ಷರಗಳು ಮೂಡಿದವು. ಈಗ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಿದರೆ ಈ ರಗಳೆ ಇಲ್ಲ.

ಅವರದು ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಆದ್ದರಿಂದ ಇಷ್ಟಾದರೂ ಆಯಿತು. ಎಸ್ಎಸ್‌ಡಿ ಆಗಿದ್ದರೆ ಕಷ್ಟ. ಫಾರ್ಮ್ಯಾಟ್ ಮಾಡಿದೊಡನೆ ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಆದೇಶ ಕಳಿಸುತ್ತದೆ, ಎಸ್ಎಸ್‌ಡಿ ಆ ಜಾಗವನ್ನು ತಾನಾಗಿಯೇ ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಯಾವ ತಂತ್ರಾಂಶಕ್ಕೂ ಹುಡುಕಲು ಹೆಚ್ಚೇನೂ ಉಳಿದಿರುವುದಿಲ್ಲ. ಇನ್ನು ಡಿಸ್ಕೇ ಸತ್ತರೆ ಸಿ, ಡಿ ಎರಡೂ ಒಟ್ಟಿಗೆ ಹೋಗುತ್ತವೆ.

ಹಾಗಾದರೆ ಸಿ ಕೆಂಪಾದಾಗ ಏನು ಮಾಡುವುದು? ಪಾರ್ಟಿಷನ್ನಿಗೆ ಕೈ ಹಾಕುವ ಮೊದಲು ಕಸ ಗುಡಿಸಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್ ತೆರೆದರೆ ಯಾವುದು ಎಷ್ಟು ಜಾಗ ತಿಂದಿದೆ ಎಂಬುದು ಕಾಣುತ್ತದೆ. ಟೆಂಪರರಿ ಫೈಲುಗಳನ್ನು ಅಲ್ಲಿಂದಲೇ ತೆಗೆಯಬಹುದು. ಡೌನ್‌ಲೋಡ್ಸ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬಲ್ಲಿ ಹೋಗಿ ಅದನ್ನು ಡಿಗೆ ಸಾಗಿಸಬಹುದು. ನಾನು ನೋಡಿದ ಕಂಪ್ಯೂಟರುಗಳಲ್ಲಿ ಬಹುಪಾಲು ಇಷ್ಟಕ್ಕೇ ಸರಿಹೋಗಿವೆ.

ಸಾಲದಿದ್ದರೆ ಗೆರೆ ಸರಿಸಬೇಕು. ಇಲ್ಲೇ ಎಲ್ಲರೂ ಎಡವುವುದು. ಡಿಯನ್ನು ಶ್ರಿಂಕ್ ಮಾಡಿ 100 ಜಿಬಿ ಬಿಡಿಸಿಕೊಳ್ಳುತ್ತಾರೆ, ಸಿ ಮೇಲೆ ಕ್ಲಿಕ್ ಮಾಡಿದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಮಸುಕಾಗಿ ಕೂತಿರುತ್ತದೆ. ಕಾರಣ ಹೊಲದ ಲೆಕ್ಕದಲ್ಲೇ ಇದೆ. ಶ್ರಿಂಕ್ ಮಾಡಿದಾಗ ಬಿಡುವಾಗುವುದು ಡಿಯ ಬಲತುದಿ. ಸಿ ಇರುವುದು ಡಿಯ ಎಡಕ್ಕೆ. ನಿಮ್ಮ ಹೊಲಕ್ಕೂ ಖಾಲಿ ಬಿದ್ದ ಜಮೀನಿಗೂ ನಡುವೆ ಪಕ್ಕದವರ ಹೊಲ ಇದ್ದರೆ ಬದು ಒಡೆದು ಸೇರಿಸಿಕೊಳ್ಳಲು ಆಗುತ್ತದೆಯೇ? ವಿಂಡೋಸ್ ಕೂಡ ತಾಗಿಕೊಂಡಂತೆ ಬಲಕ್ಕಿರುವ ಖಾಲಿ ಜಾಗವನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಹೀಗಾಗಿ ಡಿಯಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಡಿಯನ್ನು ಅಳಿಸಿ, ಸಿಯನ್ನು ಬೆಳೆಸಿ, ಉಳಿದದ್ದರಲ್ಲಿ ಮತ್ತೆ ಡಿ ಮಾಡಿಕೊಳ್ಳಬೇಕು. ನಡುವೆ ರಿಕವರಿ ಪಾಲು ಬಂದು ಕೂತಿದ್ದರೆ ಇದೂ ಆಗುವುದಿಲ್ಲ. ಹಳೆಯ ಎಂಬಿಆರ್ ಡಿಸ್ಕುಗಳಲ್ಲಿ ಡಿ, ಇ, ಎಫ್ ಎಲ್ಲವೂ ಎಕ್ಸ್‌ಟೆಂಡೆಡ್ ಎಂಬ ಹಸಿರು ಚೌಕಟ್ಟಿನೊಳಗೆ ಇರುತ್ತವೆ. ಆ ಚೌಕಟ್ಟನ್ನೂ ತೆಗೆಯುವ ತನಕ ಖಾಲಿ ಜಾಗ ಸಿಗೆ ಸೇರದು.

ಫೈಲುಗಳನ್ನು ಅಳಿಸದೆಯೇ ಪಾಲನ್ನು ಸರಿಸುವ ತಂತ್ರಾಂಶಗಳೂ ಇವೆ. ಜಿಪಾರ್ಟೆಡ್ ಅಂಥದ್ದೊಂದು, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ. ಅವು ಲಕ್ಷಾಂತರ ತುಣುಕುಗಳನ್ನು ಒಂದೊಂದಾಗಿ ಹೊತ್ತು ಪಕ್ಕಕ್ಕೆ ಇಡುತ್ತವೆ, ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಮಳೆಗಾಲದ ಸಂಜೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಸಾಹಸ ಬೇಡವೇ ಬೇಡ.

ಈಗ ಇದೆಲ್ಲ ಹೆಚ್ಚು ಚರ್ಚೆಗೆ ಬರಲು ಇನ್ನೊಂದು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಹೋಗಲು ಯುಇಎಫ್‌ಐ, ಟಿಪಿಎಂ 2.0 ಬೇಕು, ಡಿಸ್ಕ್ ಜಿಪಿಟಿ ಆಗಿರಬೇಕು. ಅದಿಲ್ಲದ ಹಳೆಯ ಪಿಸಿಗಳಿಗೆ ಲಿನಕ್ಸ್ ಹಾಕಿಕೊಳ್ಳುವ ಗೆಳೆಯರು ಹೆಚ್ಚುತ್ತಿದ್ದಾರೆ. ಒಳ್ಳೆಯದೇ. ಆದರೆ ಲಿನಕ್ಸಿನ ಪಾಲನ್ನು ವಿಂಡೋಸ್ ಓದಲಾರದು. ಕೆಲವೊಮ್ಮೆ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳುತ್ತದೆ. ಆಗ ಒತ್ತಬೇಕಾದ್ದು ಕ್ಯಾನ್ಸಲ್.

ಹೊಸ ಲ್ಯಾಪ್‌ಟಾಪಿನವರಿಗೆ ಬೇರೆಯದೇ ಎಚ್ಚರಿಕೆ. ಹಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಬೂಟ್ ಸೆಟ್ಟಿಂಗ್ ಬದಲಿಸಿದರೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಆ ಕೀ ಇರುವುದು ಲ್ಯಾಪ್‌ಟಾಪನ್ನು ಮೊದಲು ಸೆಟಪ್ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯವರು ತಮ್ಮ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ನಿಮ್ಮ ಮನೆಯ ಕೀಲಿ ಅವರ ಜೇಬಿನಲ್ಲಿದೆ ಎಂದೇ ಲೆಕ್ಕ. ಇವತ್ತೇ ನೋಡಿಕೊಳ್ಳಿ.

ಎಷ್ಟು ಪಾಲು ಮಾಡಬೇಕು ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 256 ಜಿಬಿ ಎಸ್ಎಸ್‌ಡಿಯನ್ನು ಭಾಗ ಮಾಡಲೇಬೇಡಿ, ಕೆಂಪು ಗೆರೆ ಹುಟ್ಟುವುದೇ ಆ ಕತ್ತರಿಯಿಂದ. 512 ಇದ್ದರೆ ಸಿಗೆ ಕಡಿಮೆಯೆಂದರೂ 200 ಬಿಡಿ. ನಾಲ್ಕು ಡ್ರೈವ್ ಮಾಡಿ ಸಿನಿಮಾಕ್ಕೊಂದು, ಹಾಡಿಗೊಂದು ಎಂದು ಹಂಚುವ ಕಾಲ ಮುಗಿಯಿತು, ಆ ಕೆಲಸಕ್ಕೆ ಫೋಲ್ಡರುಗಳಿವೆ. ಕಳೆದುಕೊಳ್ಳಬಾರದ್ದು ಏನಿದೆಯೋ ಅದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಗೂಗಲ್ ಡ್ರೈವ್ 15 ಜಿಬಿ ಪುಕ್ಕಟೆ ಕೊಡುತ್ತದೆ, ಟೈಪ್ ಮಾಡಿದ ನೋಟ್ಸ್‌ಗೆ ಅದು ಧಾರಾಳ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥವು ಡಿಜಿಲಾಕರ್‌ನಲ್ಲೂ ಸಿಗುತ್ತವೆ.

ಈ ಭಾನುವಾರ ಹನೂರಿನ ಕಡೆಯ ಇನ್ನೊಂದು ಡೆಸ್ಕ್‌ಟಾಪ್ ಕಾದಿದೆ. 500 ಜಿಬಿ, ನಾಲ್ಕು ಡ್ರೈವ್, ಸಿ ಕೆಂಪು, ಯುಪಿಎಸ್ ಬ್ಯಾಟರಿ ಹೋಗಿ ವರ್ಷವಾಯಿತಂತೆ. ನಾನು ಬರುವುದರೊಳಗೆ ಮದುವೆ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಬೀರುವಿನಲ್ಲಿ ಇಡಿ ಎಂದು ಹೇಳಿದ್ದೇನೆ. "ಅವೆಲ್ಲ ಡಿನಲ್ಲವೆ ಕನಪ್ಪ" ಅಂದರು.