ಹಸಿವಿನ ಸುಳಿವು ಹಿಡಿಯುವ ಅಮೀಬಾ

ಬೇರೆ ಬೇರೆಯಾಗಿ ಬದುಕುವ ಲೋಳೆ ಬೂಷ್ಟಿನ ಕೋಶಗಳು ಬೆಳೆಯುವುದನ್ನು ಬಿಟ್ಟು ಒಟ್ಟುಗೂಡಬೇಕೆಂದು ಹೇಗೆ ತೀರ್ಮಾನಿಸುತ್ತವೆ?
– ಓದುಗರೊಬ್ಬರು, ನೋಯಿಡಾ

ನಿಮ್ಮ ಪಕ್ಕದ ದೆಹಲಿಯಲ್ಲೇ, ಜೆಎನ್‌ಯುವಿನ ಪ್ರೊ. ಶ್ವೇತಾ ಸರನ್ ಅವರ ಪ್ರಯೋಗಾಲಯ ಈ ಜೀವಿಯನ್ನು ಅಧ್ಯಯನ ಮಾಡುತ್ತಿದೆ. ಹೆಸರು ಡಿಕ್ಟಿಯೋಸ್ಟೀಲಿಯಂ. ಇದು ಶಿಲೀಂಧ್ರವಲ್ಲ, ಮಣ್ಣಿನ ಅಮೀಬಾ. ಬ್ಯಾಕ್ಟೀರಿಯಾ ಸಿಗುತ್ತಿರುವಷ್ಟು ಕಾಲ ಅದನ್ನು ಒಂಟಿಯಾಗಿ ತಿನ್ನುತ್ತದೆ, ಕೆಲವೇ ಗಂಟೆಗಳಲ್ಲಿ ಎರಡಾಗುತ್ತದೆ.

ಸೋಜಿಗವೆಂದರೆ, ಆಹಾರ ಪೂರ್ತಿ ಮುಗಿಯುವ ಮೊದಲೇ ಬದಲಾವಣೆಯ ತಯಾರಿ ಶುರುವಾಗುತ್ತದೆ. ಬೆಳೆಯುತ್ತಿರುವ ಕೋಶಗಳೆಲ್ಲ ಪಿಎಸ್‌ಎಫ್ ಎಂಬ ಪ್ರೋಟೀನನ್ನು ಹೊರಕ್ಕೆ ಬಿಡುತ್ತಿರುತ್ತವೆ. ಸುತ್ತ ಬ್ಯಾಕ್ಟೀರಿಯಾ ತುಂಬಿದ್ದರೆ ಆ ಸಂಕೇತ ಅವಕ್ಕೆ ನಾಟುವುದಿಲ್ಲ. ಕೋಶಗಳು ಹೆಚ್ಚಿ ಬ್ಯಾಕ್ಟೀರಿಯಾ ಇಳಿದಾಗ ನಾಟುತ್ತದೆ. ಸಂತರ್ಪಣೆಯಲ್ಲಿ ಅನುಭವಿ ಅಡುಗೆಭಟ್ಟರು ಹಾಕಿದ ಎಲೆಗಳನ್ನೂ ಕೊಪ್ಪರಿಗೆಯಲ್ಲಿ ಉಳಿದ ಅನ್ನವನ್ನೂ ಒಟ್ಟಿಗೆ ನೋಡಿ, ಅನ್ನ ತೀರುವ ಮುಂಚೆಯೇ ಮುಂದಿನ ಏರ್ಪಾಡಿಗೆ ತೊಡಗುವುದಿಲ್ಲವೇ, ಹಾಗೆ.

ಆಹಾರ ತೀರುತ್ತಿದ್ದಂತೆ ಯಾಕ್‌ಎ ಎಂಬ ಕಿಣ್ವ ಚುರುಕಾಗಿ ಬೆಳವಣಿಗೆಯ ಜೀನ್‌ಗಳನ್ನು ಅಡಗಿಸುತ್ತದೆ. ಪಿಕೆಎ ಎಂಬ ಇನ್ನೊಂದು ಕಿಣ್ವಕ್ಕೆ ದಾರಿ ಬಿಡುತ್ತದೆ. ಆಗ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕವನ್ನು ತಯಾರಿಸುವ, ಗ್ರಹಿಸುವ ಪ್ರೋಟೀನುಗಳು ಹೆಚ್ಚುತ್ತವೆ. ಸುಮಾರು 6 ನಿಮಿಷಕ್ಕೊಮ್ಮೆ ಅಲೆಯಾಗಿ ಹಬ್ಬುವ ಅದರ ಜಾಡು ಹಿಡಿದು 1 ಲಕ್ಷದವರೆಗೂ ಕೋಶಗಳು ಬಂದು ಸೇರುತ್ತವೆ.

ನನಗೆ ಅತ್ಯಂತ ಬೆರಗು ತರುವುದು ಇದರ ನಂತರದ್ದು. ಸುಮಾರು 24 ಗಂಟೆಗಳಲ್ಲಿ ಆ ಗುಂಪು ತೊಟ್ಟಿನ ಮೇಲೆ ಬೀಜಕಣಗಳ ಗುಂಡು ಹೊತ್ತು ನಿಲ್ಲುತ್ತದೆ. ಸರಿಸುಮಾರು ಐದರಲ್ಲೊಂದು ಪಾಲು ಕೋಶಗಳು ತೊಟ್ಟಾಗಿ ಸಾಯುತ್ತವೆ, ಉಳಿದವು ಬೀಜಕಣಗಳಾಗಿ ಬದುಕುತ್ತವೆ. ಯಾವುದು ಏನಾಗುತ್ತದೆ ಎಂಬುದರಲ್ಲಿ, ಆಹಾರ ತೀರಿದಾಗ ಆ ಕೋಶ ವಿಭಜನೆಯ ಯಾವ ಘಟ್ಟದಲ್ಲಿತ್ತು ಎನ್ನುವುದಕ್ಕೂ ಪಾತ್ರವಿದೆ.