‘ಡ್ಯಾಂ ಒಡೆದಿದೆ’ ಎಂಬ ಮೆಸೇಜ್ ಬಂತೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮಳೆಗಾಲದಲ್ಲಿ ನದಿ ತುಂಬಿದರೆ ಸಾಕು, ‘ಡ್ಯಾಂ ಒಡೆದಿದೆ, ಕೂಡಲೇ ಊರು ಬಿಡಿ’ ಎಂಬ ಆಡಿಯೋ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. 2018ರ ಕೇರಳ ಪ್ರವಾಹದ ವೇಳೆ ಮುಲ್ಲಪೆರಿಯಾರ್ ಅಣೆಕಟ್ಟಿನ ಬಗ್ಗೆಯೂ ಇಂಥದ್ದೇ ಆಡಿಯೋ ಹರಡಿತ್ತು. ಅಣೆಕಟ್ಟು ಒಡೆದಿರಲಿಲ್ಲ.

ನೀರು ಬಿಟ್ಟರೆ ಒಡೆದಂತೆಯೇ?

ಅಲ್ಲ. ಜಲಾಶಯಕ್ಕೆ ಒಳಹರಿವು ಹೆಚ್ಚಿದಾಗ ಅಣೆಕಟ್ಟಿನ ಸುರಕ್ಷತೆಗಾಗಿಯೇ ಗೇಟ್ ತೆರೆದು ನೀರು ಬಿಡುತ್ತಾರೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ ಸುಮಾರು 8.6 ಟಿಎಂಸಿ ಆಗುತ್ತದೆ. ಆಲಮಟ್ಟಿ ಜಲಾಶಯದ ಸಾಮರ್ಥ್ಯ ಸುಮಾರು 123 ಟಿಎಂಸಿ.

ಹಾಗಾದರೆ ಅಪಾಯವಿಲ್ಲವೇ?

ಇದೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿತೀರದ ಊರುಗಳು ಮುಳುಗಿದ್ದು ಭಾರೀ ಮಳೆ ಮತ್ತು ಜಲಾಶಯಗಳಿಂದ ಬಿಟ್ಟ ನೀರಿನಿಂದ. ಆದ್ದರಿಂದ ‘ನೀರು ಬಿಡುತ್ತಿದ್ದಾರೆ’ ಎಂಬ ಅಧಿಕೃತ ಸೂಚನೆಯನ್ನು ಕಡೆಗಣಿಸಬೇಡಿ. ಸುಳ್ಳು ಸುದ್ದಿಯ ದೊಡ್ಡ ಹಾನಿ ಇಲ್ಲೇ ಇರುವುದು: ಎರಡು ಸಲ ಮೋಸ ಹೋದವರು ಮೂರನೆಯ ಸಲ ನಿಜವಾದ ಎಚ್ಚರಿಕೆ ಬಂದರೂ ಮನೆ ಬಿಡುವುದಿಲ್ಲ. ಗಾಬರಿಯಲ್ಲಿ ಕತ್ತಲಲ್ಲಿ ಓಡಿದವರು ಹರಿಯುವ ನೀರಿಗೆ ಸಿಗಬಹುದು. ಅರ್ಧ ಅಡಿ ಆಳದ ರಭಸದ ನೀರು ದೊಡ್ಡವರನ್ನೂ ಬೀಳಿಸಬಲ್ಲದು.

ನಿಮ್ಮ ಊರಿನ ಗ್ರೂಪ್ ಏನು ಮಾಡಬಹುದು?

• ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು, ಗರ್ಭಿಣಿಯರು, ಅಂಗವಿಕಲರು ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರು ಕರೆತರುತ್ತಾರೆ ಎಂದು ಮಳೆಗಾಲಕ್ಕೆ ಮುಂಚೆಯೇ ಪಟ್ಟಿ ಮಾಡಿ.

• ಕಾಳಜಿ ಕೇಂದ್ರ ಎಲ್ಲಿ, ಯಾರ ಟ್ರ್ಯಾಕ್ಟರ್ ಸಿಗುತ್ತದೆ, ದನಕರುಗಳನ್ನು ಯಾವ ಎತ್ತರದ ಜಾಗಕ್ಕೆ ಹೊಡೆಯಬೇಕು ಎಂದು ಈಗಲೇ ಮಾತಾಡಿಕೊಳ್ಳಿ.

• ಸುದ್ದಿ ಖಚಿತಪಡಿಸಲು ಇಬ್ಬರನ್ನು ಗೊತ್ತು ಮಾಡಿ. ಅವರು ಪಂಚಾಯಿತಿ, ತಹಶೀಲ್ದಾರ್ ಕಚೇರಿ ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಿ ಕೇಳಿ, ದಿನಾಂಕ, ಸಮಯ, ಊರಿನ ಹೆಸರು ಸೇರಿಸಿ ಗ್ರೂಪಿಗೆ ಹಾಕಲಿ. ಉಳಿದವರು ಅದನ್ನಷ್ಟೇ ಹಂಚಲಿ.

• ಫೋನ್ ಇಲ್ಲದ ಮನೆಗಳಿಗೆ ಡಂಗುರ ಅಥವಾ ಗುಡಿ, ಮಸೀದಿಯ ಮೈಕ್ ಮೂಲಕ ತಿಳಿಸಿ.

ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.

ದಿನಾಂಕವಿಲ್ಲದ, ಯಾರು ಹೇಳಿದ್ದೆಂದು ಗೊತ್ತಿಲ್ಲದ ಆಡಿಯೋ ಬಂದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ. ಹಂಚಲೇಬೇಕು ಎನಿಸಿದರೆ ನಿಮ್ಮ ಊರಿನ ಕಾಳಜಿ ಕೇಂದ್ರದ ವಿಳಾಸ ಹಂಚಿ.