‘ದೇವಮಾನವ’: ವಿಗ್ರಹವಾಕ್ಯ ಮತ್ತು ಕ್ರಿಸ್ತಶಾಸ್ತ್ರ

ಸಮಾಸಪದದ ಅರ್ಥವನ್ನು ಬಿಡಿಸಿ ಹೇಳುವ ಪದಸಮೂಹಕ್ಕೆ ವ್ಯಾಕರಣದಲ್ಲಿ ವಿಗ್ರಹವಾಕ್ಯವೆಂದು ಹೆಸರು. ವಿಗ್ರಹವೆಂದರೆ ಇಲ್ಲಿ ಪ್ರತಿಮೆಯಲ್ಲ, ಬಿಡಿಸುವಿಕೆ. ಪುತ್ತಿಗೆಯ ನೆರೆಯ ಮೂಡುಬಿದಿರೆಯ ಹೆಸರನ್ನು ‘ಮೂಡು ದಿಕ್ಕಿನ ಬಿದಿರು’ ಎಂದು ಬಿಡಿಸಿದರೆ ಅದೇ ವಿಗ್ರಹವಾಕ್ಯ. ಸಮಾಸದಲ್ಲಿ ಅಡಗಿದ್ದ ಸಂಬಂಧವು ಹೀಗೆ ಬಾಯಿಬಿಟ್ಟು ಮಾತನಾಡುತ್ತದೆ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನಿಂದ ಹೊರತಂದವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. ಅದರ ಸಮಾಸಪ್ರಕರಣವನ್ನು ದೈವಶಾಸ್ತ್ರದ ವಿದ್ಯಾರ್ಥಿಯೂ ಓದಬೇಕೆಂಬುದಕ್ಕೆ ಒಂದೇ ಪದದ ನಿದರ್ಶನ ಸಾಕು.

ಕ್ರಿಸ್ತರನ್ನು ನಾವು ‘ದೇವಮಾನವ’ರೆನ್ನುತ್ತೇವೆ. ಇದನ್ನು ಬಿಡಿಸುವುದು ಹೇಗೆ?

‘ದೇವರಂತಿರುವ ಮಾನವ’ ಎಂದರೆ ಉಪಮಾನ ಪೂರ್ವಪದ ಕರ್ಮಧಾರಯ. ಪತ್ರಿಕೆಗಳು ಯಾವನೋ ಬಾಬಾನನ್ನು ದೇವಮಾನವನೆಂದು ಬರೆಯುವುದು ಈ ಅರ್ಥದಲ್ಲಿಯೇ. ನಮ್ಮ ಭಕ್ತಜನರ ಕಿವಿಗೆ ಮೊದಲು ಬೀಳುವುದೂ ಇದೇ. ಕ್ರಿಸ್ತರಿಗೆ ಇದನ್ನು ಅನ್ವಯಿಸಿದರೆ, ಕೇವಲ ಮನುಷ್ಯನೊಬ್ಬನನ್ನು ದೇವರು ಪುತ್ರನನ್ನಾಗಿ ಸ್ವೀಕರಿಸಿದರೆಂಬ ಹಳೆಯ ದತ್ತುಪುತ್ರವಾದಕ್ಕೆ ಬಾಗಿಲು ತೆರೆದಂತೆ.

‘ದೇವನೂ ಮಾನವನೂ’ ಎಂದರೆ ದ್ವಂದ್ವ. ರಾಮಲಕ್ಷ್ಮಣರೆಂಬಲ್ಲಿ ಇಬ್ಬರಿರುವಂತೆ ಇಲ್ಲಿಯೂ ಇಬ್ಬರಾಗುತ್ತಾರೆ. ನೆಸ್ಟೋರಿಯಸನ ಹೆಸರಿಗೆ ಅಂಟಿಕೊಂಡಿರುವ, 431ರ ಎಫೆಸ ಮಹಾಸಭೆ ನಿರಾಕರಿಸಿದ ಬೋಧನೆ ಇದೇ.

ಇನ್ನುಳಿದದ್ದು ವಿಶೇಷಣೋಭಯಪದ ಕರ್ಮಧಾರಯ: ‘ದೇವನೂ ಮಾನವನೂ ಆಗಿರುವವನು’. ಎರಡು ಪದಗಳೂ ಒಬ್ಬನನ್ನೇ ಕುರಿತು ನಿಲ್ಲುತ್ತವೆ. ವ್ಯಕ್ತಿ ಒಬ್ಬರೇ, ಸ್ವಭಾವಗಳು ಎರಡು ಎಂದು 451ರ ಕಾಲ್ಸೆಡಾನ್ ಮಹಾಸಭೆ ಸಾರಿದ ವಿಶ್ವಾಸಕ್ಕೆ ಹೊಂದುವ ವಿಗ್ರಹ ಇದೊಂದೇ.

ವಚನವನ್ನು ನೋಡಿ ದ್ವಂದ್ವವೋ ಕರ್ಮಧಾರಯವೋ ಎಂದು ನಿರ್ಣಯಿಸಬಹುದಲ್ಲವೇ ಎಂದು ಕೇಳಬಹುದು. ‘ದೇವಮಾನವನು’ ಎಂಬ ಏಕವಚನವಿದ್ದರೆ ಅದು ಸಾಧ್ಯ. ಆದರೆ ನಾವು ಗೌರವಾರ್ಥವಾಗಿ ‘ದೇವಮಾನವರು’ ಎಂದೇ ಬಳಸುವುದರಿಂದ ಆ ಗುರುತು ಅಳಿಸಿಹೋಗುತ್ತದೆ. ಆದ್ದರಿಂದ ಪ್ರಬೋಧನೆಯಲ್ಲಿ ಈ ಪದ ಬಂದಾಗಲೆಲ್ಲ ಜೊತೆಗೆ ವಿಗ್ರಹವಾಕ್ಯವನ್ನೂ ಹೇಳಿಬಿಡುವುದು ಲೇಸು.

ಅಲ್ಲಿಯೂ ‘ದೇವರೂ ಮಾನವರೂ ಆದ ಕ್ರಿಸ್ತರು’ ಎನ್ನುವುದಕ್ಕಿಂತ ‘ಆಗಿರುವ’ ಎಂಬ ರೂಪವೇ ಮೇಲು. ‘ಆದ’ ಎಂಬುದರಲ್ಲಿ ಮೊದಲಿಲ್ಲದ್ದು ಆಮೇಲೆ ಒದಗಿತೆಂಬ ಧ್ವನಿಯೂ ಉಂಟು. ಯೊವಾನ್ನನ ಶುಭಸಂದೇಶದ ಮೊದಲ ಅಧ್ಯಾಯವನ್ನು ಅನುಸರಿಸಿ ಅವರು ಮಾನವರಾದರು ಎನ್ನಬಹುದು, ದೇವರಾದರು ಎನ್ನಲಾಗದು.